ಚಿಕ್ಕಮ್ಮನ ಸೋರೆಬುರುಡೆ

ಇದನ್ನು ಹೇಳಬೇಕೆಂದು ನಾನು ಹಲವು ಸಲ ಹೊರಟಿದ್ದೇನೆ. ಹೆಂಡತಿ ಬದುಕಿದ್ದಾಗ ಒಂದು ಸಂಜೆ ಅವಳನ್ನು ಎದುರಿಗೆ ಕೂರಿಸಿಕೊಂಡು ಶುರು ಮಾಡಿದೆ. ಎರಡು ಮಾತಾಡುವಷ್ಟರಲ್ಲಿ ಮಳೆಯ ಸುದ್ದಿ ತೆಗೆದು ಜಾರಿಕೊಂಡೆ. ಮಗನಿಗೆ ಹೇಳಲು ಹೋಗಿ ಹಳೆಯ ಬೇಲಿ ಜಗಳದ ಕಥೆ ಹೇಳಿ ಮುಗಿಸಿದೆ. ಈಗ ಎಂಬತ್ತು ದಾಟಿದೆ. ಯಾರ ಮುಖವನ್ನೂ ನೋಡದೆ ಹೇಳುವುದಾದರೆ ಬರೆಯುವುದೊಂದೇ ದಾರಿ ಎಂದು ಕೂತಿದ್ದೇನೆ.

ಹೋದ ಸಂಕ್ರಾಂತಿಗೆ ಮಾಲೂರಿನ ನಮ್ಮ ಮನೆಯಲ್ಲಿ ಸೊಸೆ ಅವರೆಕಾಳು ಹುರಿಯುತ್ತಿದ್ದಳು. ಆ ವಾಸನೆ ಬಂದ ಕೂಡಲೇ ನಾನು ಎದ್ದು ಬೀದಿಗೆ ಹೋದೆ. ಅರವತ್ತು ವರ್ಷದಿಂದ ಹೀಗೇ. ಬಸ್ ನಿಲ್ದಾಣದಲ್ಲಿ ಹುರಿದ ಅವರೆ ಮಾರುವವನು ಹತ್ತಿರ ಬಂದರೆ ಜಾಗ ಬದಲಿಸುತ್ತೇನೆ. ಮೊಮ್ಮಗಳು ಒಳಗಿನಿಂದ ಕೂಗಿ ಹೇಳಿದಳು: "ತಾತಂಗೆ ಹಲ್ಲಿಲ್ಲ, ನಾವು ತಿನ್ನೋದು ನೋಡಿ ಹೊಟ್ಟೆ ಉರಿ!" ಎಲ್ಲರೂ ನಕ್ಕರು. ನಾನು ಬೀದಿಯ ಕಲ್ಲಿನ ಮೇಲೆ ಕೂತು, ಇಷ್ಟು ವರ್ಷ ನನಗೇ ಹೇಳಿಕೊಳ್ಳಲಾಗದ ಮಾತನ್ನು ಈ ಮಗು ತಮಾಷೆಗೆ ಹೇಳಿಬಿಟ್ಟಿತಲ್ಲ ಅಂದುಕೊಂಡೆ.

ಮುಳಬಾಗಿಲಿನಿಂದ ನಂಗಲಿಗೆ ಹೋಗುವ ರಸ್ತೆಯನ್ನು ಬಿಟ್ಟು ಒಂದು ಹರದಾರಿ ಒಳಗೆ ನಮ್ಮೂರು. ಅಪ್ಪ, ಚಿಕ್ಕಪ್ಪ ಪಾಲಾಗಿ ಪಕ್ಕಪಕ್ಕದಲ್ಲಿ ಮನೆ ಮಾಡಿದ್ದರು. ಹಿತ್ತಲಿನ ನಡುವೆ ಒಂದು ಕಳ್ಳಿ ಬೇಲಿ, ಎರಡು ಮನೆಗೂ ಒಂದೇ ಬಾವಿ. ಚಿಕ್ಕಪ್ಪ ಬೇಗ ತೀರಿಕೊಂಡ. ಮಕ್ಕಳಿರಲಿಲ್ಲ. ವಕ್ಕಲೇರಿ ಕಡೆಯಿಂದ ಬಂದ ಚಿಕ್ಕಮ್ಮ ತೌರಿಗೆ ಹೋಗದೆ ಆ ಮನೆಯಲ್ಲೇ ಉಳಿದಳು. ನನ್ನನ್ನು ಎತ್ತಿ ಆಡಿಸಿದವಳು ಅವಳು. ಅಮ್ಮ ಹೊಲಕ್ಕೆ ಹೋದರೆ ನನ್ನ ಊಟ ಬೇಲಿಯ ಆ ಕಡೆಗೇ.

ಗಂಡ ಹೋದ ಮೇಲೆ ಚಿಕ್ಕಮ್ಮ ಮಾಂಸ ಬಿಟ್ಟಿದ್ದಳು. ಹಾಲು ಬಿಟ್ಟದ್ದು ಆಮೇಲೆ, ನನ್ನ ಕಣ್ಣೆದುರಿಗೇ. ಅದು ನಾನು ಕೋಲಾರದ ಹೈಸ್ಕೂಲಿಗೆ ಸೇರುವ ಮುಂಚಿನ ಬೇಸಿಗೆ. ನಮ್ಮ ಕಂದು ಹಸುವಿನ ಕರು ಹುಟ್ಟಿದ ವಾರಕ್ಕೆ ಸತ್ತಿತು. ಹಸು ಹಾಲು ಇಳಿಸಲಿಲ್ಲ. ಅಪ್ಪ ಸತ್ತ ಕರುವಿನ ತೊಗಲು ಸುಲಿಸಿ ತಂದರು. ಅದಕ್ಕೆ ಒಣಹುಲ್ಲು ತುಂಬಿ, ನಾಲ್ಕು ಕಡ್ಡಿಯ ಕಾಲು ಕೊಟ್ಟು, ಹೊಲಿದು ನಿಲ್ಲಿಸಿದವನು ನಾನು. ಅದನ್ನು ಮುಂದೆ ನಿಲ್ಲಿಸಿದರೆ ಹಸು ನೆಕ್ಕುತ್ತ ನಿಲ್ಲುತ್ತಿತ್ತು, ಅಪ್ಪ ಹಿಂದೆ ಕೂತು ಕರೆಯುತ್ತಿದ್ದರು. "ಭಲೆ, ಜೀವ ಇರೋ ಹಂಗೇ ಮಾಡಿದೀಯಲ್ಲೋ" ಎಂದು ನನ್ನ ಬೆನ್ನು ತಟ್ಟಿದರು. ಬೇಲಿಯ ಆ ಕಡೆ ನಿಂತು ನೋಡುತ್ತಿದ್ದ ಚಿಕ್ಕಮ್ಮನಿಗೆ ಎಂದಿನಂತೆ ಒಂದು ಚೊಂಬು ಹಾಲು ಕೊಡಲು ಹೋದೆ. ಅವಳು ಕೈ ಮುಂದೆ ಮಾಡಲಿಲ್ಲ.

"ಬೇಡ ಕಣಪ್ಪ. ತಾಯಿನ ಏಮಾರ್ಸಿ ಕರೆದಿದ್ದು ನನ್ ಗಂಟಲಲ್ಲಿ ಇಳಿಯಲ್ಲ."

ಅಂದಿನಿಂದ ಹಾಲು, ಮೊಸರು, ಮಜ್ಜಿಗೆ, ತುಪ್ಪ ಯಾವುದೂ ಅವಳ ಮನೆಯೊಳಗೆ ಹೋಗಲಿಲ್ಲ. ಇನ್ನೊಂದು ಹಸು ಈದು, ಕರು ಬದುಕಿ ಕುಣಿದಾಡಿದರೂ ಅವಳ ಮಾತು ಬದಲಾಗಲಿಲ್ಲ. ನನ್ನ ಕೈಕೆಲಸಕ್ಕೆ ಅವಳೊಬ್ಬಳು ಶಹಭಾಸ್ ಹೇಳಲಿಲ್ಲವೆಂಬುದು ನನಗೆ ಒಳಗೇ ಮುಳ್ಳಿನ ಹಾಗೆ ಉಳಿಯಿತು.

ಆ ಬೇಸಿಗೆಯಿಂದ ಅವಳ ಅಡುಗೆಯೆಲ್ಲ ಹಿತ್ತಲಿನಿಂದಲೇ ಬಂತು. ಬೆಳಗ್ಗೆ ಮೊರ ಹಿಡಿದು ಗಿಡಗಳ ನಡುವೆ ಒಂದು ಸುತ್ತು ಬರುತ್ತಿದ್ದಳು. "ಇವತ್ತೇನ್ ಸಾರು ಚಿಕ್ಕಮ್ಮ?" ಎಂದರೆ, "ತಾಳು, ಹಿತ್ತಲನ್ನ ಕೇಳ್ಕೊಂಡ್ ಬರ್ತೀನಿ" ಎನ್ನುತ್ತಿದ್ದಳು. ದಂಟಿನ ಸೊಪ್ಪು ಬೇಯಿಸಿ, ಬಸಿದ ನೀರಿಗೆ ಬೆಳ್ಳುಳ್ಳಿ, ಮೆಣಸು ಅರೆದು ಸಾರು. ಉಳಿದ ಸೊಪ್ಪು ಪಲ್ಯ. ಎಳೆ ಹೀರೆಕಾಯಿಯ ಸಿಪ್ಪೆ ಬಿಸಾಡದೆ ಹುರಿದು ಚಟ್ನಿ. ತುಪ್ಪ ಇರಬೇಕಾದ ಕಡೆಯಲ್ಲೆಲ್ಲ ಹುಚ್ಚೆಳ್ಳು. ಅದನ್ನು ಸಣ್ಣ ಉರಿಯಲ್ಲಿ ಚಿಟಪಟ ಅನ್ನಿಸಿ, ಒರಳಲ್ಲಿ ಅರೆದು, ಬದನೆಕಾಯಿ ಗೊಜ್ಜಿಗೆ ಬೆರೆಸಿದರೆ ಸುತ್ತ ನಾಲ್ಕು ಮನೆಗೆ ಗೊತ್ತಾಗುತ್ತಿತ್ತು. ಊಟದ ಕೊನೆಗೆ ಮಜ್ಜಿಗೆಯ ಬದಲು ಹಿಂದಿನ ದಿನ ಕಲಸಿಟ್ಟು ಹುಳಿ ಬಂದ ರಾಗಿ ಅಂಬಲಿ, ಅದಕ್ಕೆ ಕೊಚ್ಚಿದ ಈರುಳ್ಳಿ. ನೆನೆಸಿದ ಕಡಲೆಕಾಯಿ ರುಬ್ಬಿ ಹಾಲು ಹಿಂಡಿ, ಕುಂಬಳಕಾಯಿ, ಬೆಲ್ಲ ಹಾಕಿ ಪಾಯಸ.

ಆದರೆ ಊರವರು ಅವಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದು ಅಡುಗೆಯಿಂದಲ್ಲ, ಕೈಗುಣದಿಂದ. ಅವಳು ಊರಿದ ಬೀಜ ಹುಸಿ ಹೋಗುವುದಿಲ್ಲ ಎಂಬ ನಂಬಿಕೆ ಇತ್ತು. ಹೆಂಗಸರು ಅವಳನ್ನು ಬೀಜದಕ್ಕ ಎನ್ನುತ್ತಿದ್ದರು. ಅವಳ ಹಿತ್ತಲಿನ ಚಪ್ಪರದ ಮೇಲೆ ಹಬ್ಬುವ ಒಂದು ಅವರೆ ಇತ್ತು. ತೌರಿನಿಂದ ಮಡಿಲಲ್ಲಿ ಕಟ್ಟಿಕೊಂಡು ಬಂದ ಬೀಜವಂತೆ. ಮಾರ್ಗಶಿರದ ಇಬ್ಬನಿ ಬಿದ್ದ ಮೇಲೆ ಆ ಕಾಯಿಗೆ ಬರುವ ಸೊಗಡು ಹೊಲದ ಅವರೆಗೆ ಇರಲಿಲ್ಲ. ಕೈಗೆ ಹತ್ತಿದರೆ ತೊಳೆದರೂ ಹೋಗುತ್ತಿರಲಿಲ್ಲ. ಅದರ ಬೀಜವನ್ನು ಬೂದಿಯಲ್ಲಿ ಬೆರೆಸಿ, ಒಣಗಿದ ದೊಡ್ಡ ಸೋರೆಬುರುಡೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಒಲೆಯ ಮೇಲಿನ ತೊಲೆಗೆ ತೂಗುಹಾಕುತ್ತಿದ್ದಳು.

ನಾನು ಎಸ್‌ಎಸ್‌ಎಲ್‌ಸಿ ಪಾಸು ಮಾಡಿ ಎರಡು ವರ್ಷ ಮನೆಯಲ್ಲಿದ್ದ ಕಾಲವೇ ನಾನು ಹೇಳಹೊರಟ ಕಾಲ. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಅಕ್ಕಿ ಕಾಣದು, ಸೀಮೆಎಣ್ಣೆ ಸಿಗದು. ಹಿತ್ತಲಲ್ಲೆಲ್ಲ ತರಕಾರಿ ಬೆಳೆಯಿರಿ ಎಂದು ಸರ್ಕಾರದವರು ಡಂಗುರ ಹೊಡೆಸುತ್ತಿದ್ದರು. ತರಕಾರಿ ಬೆಳೆಸುವುದನ್ನು ಹಳ್ಳಿಹಳ್ಳಿಗೆ ಹೋಗಿ ಕಲಿಸಲು ಓದುಬರಹ ಬಲ್ಲವನೊಬ್ಬನನ್ನು ಮೇಸ್ತ್ರಿಯಾಗಿ ನೇಮಿಸುತ್ತಾರೆ, ಅಮಲ್ದಾರರೇ ಆರಿಸುತ್ತಾರೆ ಎಂದು ಮುಳಬಾಗಿಲಿನಲ್ಲಿ ಕೇಳಿಬಂದೆ. ಆ ಕೆಲಸ ನನ್ನದೇ ಎಂದು ನಿಶ್ಚಯ ಮಾಡಿಕೊಂಡೆ. ಬೆಂಗಳೂರಿನಿಂದ ಬೀಜ ತರಿಸಿದೆ. ನವಿಲುಕೋಸು, ಎಲೆಕೋಸು, ಬೀಟ್‌ರೂಟು. ಹಗ್ಗ ಹಿಡಿದು ಸಾಲು ತೆಗೆದೆ. ಪ್ರತಿ ಸಾಲಿಗೂ ಹಲಗೆ ನೆಟ್ಟು ಹೆಸರು ಬರೆದೆ. ಕರಪತ್ರಗಳಲ್ಲಿ ಹೇಳಿದಂತೆ ನೀರು, ಹೇಳಿದಂತೆ ಗೊಬ್ಬರ.

ದಾರಿಯಲ್ಲಿ ಹೋಗುವ ಮುನಿಶಾಮಿ, ನನ್ನ ಜೊತೆ ಮೂರನೇ ಕ್ಲಾಸಿನ ತನಕ ಓದಿ ಬಿಟ್ಟವನು, ಬೇಲಿಗೆ ಬಗ್ಗಿ ಕೇಳುತ್ತಿದ್ದ: "ಏನ್ಲಾ ಹೈಸ್ಕೂಲು, ನಿನ್ ಕೋಸು ತಲೇನೇ ಎತ್ತಲ್ವಲ್ಲ! ಬಗ್ಗಿಕೊಂಡು ಹಲಗೆ ಓದ್ತಾ ಐತಾ?"

ಚಿಕ್ಕಮ್ಮನೂ ಒಂದು ದಿನ ಬೇಲಿಯಾಚೆಯಿಂದ, "ಹುಳ ಬಿದ್ದೈತೆ ಕಣೋ, ಬೂದಿ ಎರಚು. ಒಂದೊಂದು ಬೆಂಡೆ ಗಿಡ ಮಧ್ಯೆ ಮಧ್ಯೆ ಹಾಕು. ಬರೀ ಒಂದೇ ಜಾತಿ ನಿಲ್ಸಿದ್ರೆ ಹುಳಕ್ಕೆ ಜಾತ್ರೆ" ಎಂದಳು. ನನಗೆ ರೇಗಿತು. "ಪುಸ್ತಕದಲ್ಲಿ ಹಂಗಿಲ್ಲ ಚಿಕ್ಕಮ್ಮ" ಎಂದೆ. "ಹುಳ ಪುಸ್ತಕ ಓದಿಲ್ವಲ್ಲಪ್ಪ" ಎಂದು ನಕ್ಕು ಹೋದಳು. ಆ ನಗುವಿನಲ್ಲಿ ಕೊಂಕೇನೂ ಇರಲಿಲ್ಲ. ಇಂದು ಗೊತ್ತು.

ನನ್ನ ಹೆಂಡತಿ ರತ್ನ ಗೌನಿಪಲ್ಲಿಯವಳು. ಬಂದು ಆರು ತಿಂಗಳಾಗಿತ್ತು. ಮನಸ್ಸು ಬಿಚ್ಚಿದರೆ ತೆಲುಗು. ನಾನು ಹೆಮ್ಮೆಯಿಂದ ಕಿತ್ತು ತಂದ ಮೊದಲ ನವಿಲುಕೋಸನ್ನು ಬೇಯಿಸಿ, ಒಂದು ತುತ್ತು ಬಾಯಿಗಿಟ್ಟು, "ಇದೇಂ ಕೂರ, ನೀಳ್ಳು ನಮಿಲಿನಟ್ಟುಂದಿ!" ಎಂದಳು. ಇದೆಂಥ ಪಲ್ಯ, ನೀರು ಅಗಿದ ಹಾಗಿದೆ ಅಂತ. ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ರತ್ನ ಸಂಜೆಯಾದರೆ ಚಿಕ್ಕಮ್ಮನ ಅಡುಗೆಮನೆಯಲ್ಲಿ. ಬರುವಾಗ ಸೀರೆಯೆಲ್ಲ ಹುಚ್ಚೆಳ್ಳಿನ ವಾಸನೆ, ಬಾಯಲ್ಲಿ ಚಿಕ್ಕಮ್ಮನದೇ ಮಾತು. "ಚಿಕ್ಕತ್ತೆ ಹಂಗಂದ್ರು, ಚಿಕ್ಕತ್ತೆ ಹಿಂಗ್ ಮಾಡಿದ್ರು." ನಾನು ಬೆಳೆದದ್ದನ್ನು ನನ್ನ ಹೆಂಡತಿ ಬಾಯಲ್ಲಿ ಇಡಲಾರಳು, ಬೇಲಿಯಾಚೆಯದಕ್ಕೆ ಓಡುತ್ತಾಳೆ. ಹೊಟ್ಟೆಕಿಚ್ಚು ಎಂಬುದು ದೊಡ್ಡ ಕಾರಣಕ್ಕೆ ಹುಟ್ಟುತ್ತದೆ ಎಂದುಕೊಂಡವರಿಗೆ ಹೇಳುತ್ತೇನೆ, ನನ್ನದು ಒಂದು ನವಿಲುಕೋಸಿನಿಂದ ಹೊತ್ತಿಕೊಂಡಿತು.

ಪುಷ್ಯ ಮಾಸದಲ್ಲಿ ಅಮಲ್ದಾರರು ಬರುವರೆಂದು ಸುದ್ದಿ ಬಂತು. ನಾನು ಹಲಗೆಗಳಿಗೆ ಹೊಸದಾಗಿ ಮಸಿ ತೀಡಿದೆ. ಅಮ್ಮ ತುಪ್ಪದ ಹೋಳಿಗೆ, ಗಟ್ಟಿ ಮೊಸರು, ಎಲೆಕೋಸಿನ ಪಲ್ಯ ಮಾಡಿದಳು. ಅಮಲ್ದಾರರು ತೆಳ್ಳಗೆ, ಎತ್ತರಕ್ಕೆ ಇದ್ದರು. ಕೊಡೆ ಊರಿಕೊಂಡು ಸಾಲು ಸಾಲಾಗಿ ನಡೆದು ನೋಡಿದರು. "ಚೆನ್ನಾಗಿದೆ, ಕ್ರಮವಾಗಿದೆ" ಎಂದರು. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಬೇಲಿ ದಾಟಿ ಒಂದು ವಾಸನೆ ಬಂತು. ಹಿತುಕಿದ ಅವರೆಬೇಳೆಯ ಸಾರು ಕುದಿಯುವ ವಾಸನೆ. ಅಮಲ್ದಾರರು ಮಾತು ನಿಲ್ಲಿಸಿ ಮೂಗೆತ್ತಿದರು.

"ಯಾರ ಮನೇದಯ್ಯ ಅದು?"

"ನಮ್ಮ ಚಿಕ್ಕಮ್ಮಂದು ಸ್ವಾಮಿ. ಆದ್ರೆ ಊಟ ನಮ್ಮನೇಲಿ—"

ಅವರಾಗಲೇ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ಬೇಲಿಯ ಸಂದಿಯಲ್ಲಿ ನುಗ್ಗಿದ್ದರು. ಚಪ್ಪರದಡಿ ನಿಂತು ಮೇಲೆ ನೋಡಿದರು. ಅವರೆ ಗೊಂಚಲು ತಲೆಗೆ ತಾಕುತ್ತಿತ್ತು. ಅತ್ತ ಕುಂಬಳದ ಬಳ್ಳಿ ಸೂರಿನ ಮೇಲೆ, ಇತ್ತ ಮೆಣಸಿನ ಗಿಡದ ನಡುವೆ ದಂಟು, ದಂಟಿನ ನಡುವೆ ಬದನೆ. ಒಂದು ಸಾಲೂ ನೆಟ್ಟಗಿರಲಿಲ್ಲ. ಬರಿ ನೆಲವೂ ಇರಲಿಲ್ಲ.

ಚಿಕ್ಕಮ್ಮ ಗಾಬರಿಯಿಂದ ಹೊರಬಂದಳು. "ಬಡವರ ಮನೆ ಸ್ವಾಮಿ. ಹಾಲಿಲ್ಲ, ತುಪ್ಪ ಇಲ್ಲ, ಮೊಸರೂ ಇಲ್ಲ. ನಿಮ್ಮಂಥೋರಿಗೆ ಏನು ಬಡಿಸ್ಲಿ?"

"ಏನಿದೆಯೋ ಅದು ತಾಯಿ" ಎಂದು ಅವರು ಜಗಲಿಯ ಮೇಲೆ ಕೂತೇಬಿಟ್ಟರು.

ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ತಿಂದರು. ಎರಡನೆಯ ಮುದ್ದೆ ಕೇಳಿದರು. ಕೊನೆಗೆ ಚಿಕ್ಕಮ್ಮ ಕುಂಬಳದ ಪಾಯಸ ಬಡಿಸಿದಾಗ ಅವರ ಹುಬ್ಬು ಮೇಲೇರಿತು. "ಹಾಲಿಲ್ಲ ಅಂದ್ರಲ್ಲಮ್ಮ, ಇದು ಯಾವ ಹಸುವಿನದು?"

"ನೆಲದಡಿ ಹಸುದು ಸ್ವಾಮಿ" ಎಂದು ಚಿಕ್ಕಮ್ಮ ಒಂದು ಹಿಡಿ ಕಡಲೆಕಾಯಿ ತೋರಿಸಿದಳು. ಸುತ್ತ ನಿಂತ ಊರವರೆಲ್ಲ ಗೊಳ್ಳೆಂದು ನಕ್ಕರು. ಅಮಲ್ದಾರರು ಎಲ್ಲರಿಗಿಂತ ಜೋರಾಗಿ.

ಬೇಲಿಯ ಈ ಕಡೆ ಅಮ್ಮ ಹೋಳಿಗೆಯ ತಟ್ಟೆ ಹಿಡಿದು ನಿಂತೇ ಇದ್ದಳು.

ಆಗ ಚಿಕ್ಕಮ್ಮನಿಗೆ ನನ್ನ ನೆನಪಾಯಿತು. ಕೈ ಹಿಡಿದು ಮುಂದೆ ಎಳೆದಳು. "ಸ್ವಾಮಿ, ಇವನು ನಮ್ಮ ಹುಡುಗ. ಹೈಸ್ಕೂಲು ಓದವನೆ. ಆ ಮೇಸ್ತ್ರಿ ಕೆಲಸ ಇವನಿಗೇ ಕೊಡಬೇಕು ನೀವು."

ಅಮಲ್ದಾರರು ಕೈ ತೊಳೆಯುತ್ತ ನನ್ನನ್ನು ಒಮ್ಮೆ ನೋಡಿದರು. "ಕೊಡೋಣಂತೆ. ಮೊದಲು ನಿಮ್ಮ ಹತ್ತಿರ ಒಂದು ವರ್ಷ ಕಲಿಯಲಿ."

ಮತ್ತೆ ನಗು. ಮುನಿಶಾಮಿಯದು ಎಲ್ಲಕ್ಕಿಂತ ಕೊನೆಗೆ ನಿಂತಿತು. "ಲೇ ಹೈಸ್ಕೂಲು, ನಾಳೆಯಿಂದ ಬೀಜದಕ್ಕನ ಸ್ಕೂಲಿಗೆ ಸ್ಲೇಟು ತಗೊಂಡ್ ಹೋಗೋ!"

ಬೈದಿದ್ದರೆ, ಕೆಲಸ ಕೊಡುವುದಿಲ್ಲ ಎಂದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವಳು ನನ್ನ ಪರವಾಗಿ ಬೇಡಿದಳಲ್ಲ, ಅದು ನನ್ನನ್ನು ಸುಟ್ಟಿತು. ಅವಳು ಒಳ್ಳೆಯವಳಾದಷ್ಟೂ ನಾನು ಚಿಕ್ಕವನಾಗುತ್ತಿದ್ದೆ. ಆ ರಾತ್ರಿಯೂ ಮರುದಿನವೂ ಹೋಳಿಗೆಯನ್ನು ನಾವೇ ತಿಂದೆವು.

ಮಾಘದಲ್ಲಿ ಅಣ್ಣನ ಮಗಳ ಮದುವೆಗೆಂದು ಚಿಕ್ಕಮ್ಮ ಮೂರು ದಿನ ವಕ್ಕಲೇರಿಗೆ ಹೊರಟಳು. ಆ ವರ್ಷದ ಬೀಜ ಆರಿಸಿ, ಒಣಗಿಸಿ, ಬುರುಡೆ ತುಂಬಿಯಾಗಿತ್ತು. ಹೋಗುವಾಗ ಬೀಗದ ಕೈ ನನಗೇ ಕೊಟ್ಟಳು. "ಗಿಡಕ್ಕೆ ನೀರು ಹಾಕ್ತಿರಪ್ಪ. ನೀನಾದ್ರೆ ಹೊತ್ತೊತ್ತಿಗೆ ಹಾಕ್ತೀಯ."

ನೀರು ಹಾಕಿದೆ. ಎರಡನೆಯ ದಿನ ಮಧ್ಯಾಹ್ನ ಊರೆಲ್ಲ ಕಣದ ಕಡೆ ಹೋಗಿತ್ತು. ಅವಳ ಅಡುಗೆಮನೆಗೆ ಹೋಗಿ ಬುರುಡೆ ಇಳಿಸಿದೆ. ಹೈಸ್ಕೂಲಿನ ಸೈನ್ಸು ಪಾಠದಲ್ಲಿ ಮೇಷ್ಟರು ಹೇಳಿದ್ದರು, ಬೀಜದೊಳಗೆ ಜೀವ ಮಲಗಿರುತ್ತದೆ, ಹೆಚ್ಚು ಬಿಸಿ ತಾಕಿದರೆ ಬೀಜದ ರೂಪ ಕೆಡದೆ ಜೀವ ಹೋಗುತ್ತದೆ ಎಂದು. ಓದಿದ್ದರಲ್ಲಿ ನಾನು ಸರಿಯಾಗಿ ಉಪಯೋಗಿಸಿದ ವಿದ್ಯೆ ಅದೊಂದೇ. ಅವಳದೇ ಒಲೆಯಲ್ಲಿ ಸಣ್ಣ ಕೆಂಡ ಮಾಡಿ, ಅವಳದೇ ಬಾಣಲಿಯಲ್ಲಿ, ಬೂದಿಯಿಂದ ಬೇರೆ ಮಾಡಿದ ಬೀಜವನ್ನು ಬೊಗಸೆ ಬೊಗಸೆಯಾಗಿ ಹಾಕಿ ಕೈಯಾಡಿಸಿದೆ. ಬಣ್ಣ ತಿರುಗದಂತೆ, ಸಿಪ್ಪೆ ಬಿರಿಯದಂತೆ. ಹುಚ್ಚೆಳ್ಳು ಹುರಿಯುವಾಗ ಅವಳು ಹದ ಕಾಯುತ್ತಿದ್ದಳಲ್ಲ, ಹಾಗೆಯೇ ಹದ ಕಾದೆ. ಆರಿಸಿ, ಮತ್ತೆ ಬೂದಿ ಬೆರೆಸಿ, ಬಟ್ಟೆ ಕಟ್ಟಿ, ತೊಲೆಗೆ ತೂಗುಹಾಕಿದೆ. ಒಂದು ಬೀಜ ನೆಲಕ್ಕೆ ಬಿದ್ದಿತ್ತು. ಅದನ್ನೂ ಹೆಕ್ಕಿ ಒಳಗೆ ಹಾಕಿದೆ.

ಆ ಸಂಜೆ ಊಟಕ್ಕೆ ಕೂತಾಗ ರತ್ನ ಬಡಿಸುತ್ತ, "ನಿಮ್ ಕೈಯೆಲ್ಲ ಅವರೆ ವಾಸ್ನೆ" ಎಂದು ನಕ್ಕಳು. ಮದುವೆ ಮುಗಿಸಿ ಬಂದ ದಿನ ಚಿಕ್ಕಮ್ಮ ತನ್ನ ಅಡುಗೆಮನೆಗೆ ಕಾಲಿಡುತ್ತಲೇ, "ಯಾರೇ ಅವರೆ ಹುರಿದಿದ್ದು? ಒಳ್ಳೆ ಹದವಾಗಿ ಹುರಿದವ್ರೆ" ಎಂದಳು. "ನಮ್ಮನೇಲಿ ಅಲ್ಲ ಚಿಕ್ಕತ್ತೆ" ಎಂದಳು ರತ್ನ. ಹೇಳಿ ಒಮ್ಮೆ ನನ್ನ ಕಡೆ ನೋಡಿದಳು.

ಒಂದು ವರ್ಷ ಅವಳ ಚಪ್ಪರ ಬರಿದಾಗಲಿ, ಅಷ್ಟೇ ನನ್ನ ಲೆಕ್ಕ. ಊರಿನ ಗಂಡಸಾಗಿ ನನಗೆ ಗೊತ್ತಿಲ್ಲದ್ದು ಬೇರೆ ಇತ್ತು. ಆಷಾಢದ ಕೊನೆಯ ಮಳೆ ಬಿದ್ದ ಮರುದಿನ ಬೆಳಗ್ಗೆ ಚಿಕ್ಕಮ್ಮನ ಬಾಗಿಲಲ್ಲಿ ಹೆಂಗಸರ ಗುಂಪು ನೆರೆದಿತ್ತು. ಒಬ್ಬೊಬ್ಬರ ಕೈಯಲ್ಲೂ ಒಂದು ಮೊರ, ಅದರಲ್ಲಿ ಎರಡು ವೀಳ್ಯದೆಲೆ. ರತ್ನನೂ ಅವರ ನಡುವೆ.

"ಇದೇನು?" ಎಂದೆ ಅಮ್ಮನಿಗೆ.

"ಗೊತ್ತಿಲ್ವೇನೋ? ಬೀಜ ಇಸ್ಕೊಳ್ಳೋಕೆ. ವರ್ಷಾ ವರ್ಷಾ ಇರೋದೇ. ಚಪ್ಪರದವರೆ ಯಾರ್ ಮನೇಲೂ ಬೀಜಕ್ಕೆ ಇಡಲ್ಲ. ಸುಗ್ಗೀಲಿ ಒಳ್ಳೆ ಕಾಯಿ ಆರಿಸಿ ಒಂದೊಂದು ಬೊಗಸೆ ಅವಳ ಬುರುಡೆಗೇ ತಂದ್ ಹಾಕ್ತೀವಿ. ಮಳೆ ಬಿದ್ಮೇಲೆ ಅವಳ ಕೈಲಿ ಇಸ್ಕೊಂಡು ಊರ್ತೀವಿ. ಅವಳ ಕೈ ದಾಟಿ ಬರಬೇಕು."

ಊರಿನ ಅಷ್ಟೂ ಹಿತ್ತಲಿನ ಬೀಜ ಆ ಒಂದು ಬುರುಡೆಯಲ್ಲಿತ್ತು. ಇಪ್ಪತ್ತೊಂದು ವರ್ಷ ಆ ಬೇಲಿಯ ಪಕ್ಕದಲ್ಲೇ ಬೆಳೆದವನಿಗೆ ಅದು ಅಂದು ತಿಳಿಯಿತು. ಚಿಕ್ಕಮ್ಮ ಹೊಸಿಲಲ್ಲಿ ಕೂತು ಬೂದಿ ಜರಡಿ ಹಿಡಿದು, ಪ್ರತಿಯೊಬ್ಬಳ ಮೊರಕ್ಕೂ ಮೂರು ಹಿಡಿ ಹಾಕಿ, ಮನೆಮನೆಗೂ ಹೋಗಿ ಮೊದಲ ಬೀಜ ತಾನೇ ಊರಿ ಬಂದಳು. ನಮ್ಮ ಹಿತ್ತಲಿಗೂ ಬಂದಳು. ನನ್ನ ಬೀಟ್‌ರೂಟಿನ ಹಲಗೆ ಪಕ್ಕಕ್ಕೆ ಸರಿಸಿ, ಬೆರಳಿನಿಂದ ಗುಳಿ ಮಾಡಿ, ಬೀಜ ಇಟ್ಟು ಮಣ್ಣು ಮುಚ್ಚಿ, ಮಗುವಿನ ತಲೆ ಸವರುವಂತೆ ಸವರಿದಳು. ನಾನು ಬಾಯಿ ತೆರೆದೆ. "ಏನೋ?" ಎಂದು ತಲೆಯೆತ್ತಿದಳು. "ಏನಿಲ್ಲ" ಎಂದೆ. ಬೀಜ ಇನ್ನೂ ನೆಲದಲ್ಲಿ ಬೆಚ್ಚಗಿದ್ದ ಆ ಹೊತ್ತಿಗೆ ಹೇಳಿದ್ದರೆ ಸಾಕಿತ್ತು. ಊರು ನನ್ನನ್ನು ಉಗಿಯುತ್ತಿತ್ತು, ಅವಳು ಉಳಿಯುತ್ತಿದ್ದಳು.

ಎಂಟು ದಿನ, ಹತ್ತು ದಿನ. ಹದಿನೈದನೆಯ ದಿನ ಬಾವಿಯ ಹತ್ತಿರ ಗುಸುಗುಸು. ಮಣ್ಣು ಕೆದಕಿ ನೋಡಿದರೆ ಬೀಜ ಉಬ್ಬಿ ಕೊಳೆತಿತ್ತು, ಒಂದರಲ್ಲೂ ಮೊಳಕೆಯ ಮೂತಿ ಇರಲಿಲ್ಲ. ಒಬ್ಬರ ಮನೆಯಲ್ಲೂ ಬರಲಿಲ್ಲ. ಬೀಜ ಕೆಟ್ಟಿದೆ ಎಂದು ಯಾರೂ ಅನ್ನಲಿಲ್ಲ. ಎಲ್ಲರೂ ಅಂದದ್ದು ಒಂದೇ. ಬೀಜದಕ್ಕನ ಕೈ ಹೋಯಿತು.

ಯಾಕೆ ಹೋಯಿತು ಎಂಬುದಕ್ಕೆ ಕಾರಣ ಹುಡುಕಿದವಳು ದೊಡ್ಡಮನೆಯ ಅಜ್ಜಿ, ಊರಿಗೇ ಹಿರಿಯಳು. "ಹಸು ಅಂದ್ರೆ ಲಕ್ಷ್ಮಿ ಕಣ್ರೇ. ಅದರ ಹಾಲು ಒಲ್ಲೆ ಅಂದೋಳ ಕೈಯಾಗೆ ಎಷ್ಟು ವರ್ಷ ಅಂತ ಗುಣ ನಿಲ್ತದೆ? ಅವಳು ಹಾಲು ಕುಡೀಬೇಕು. ಎಲ್ಲರ ಮುಂದೆ ಕುಡೀಬೇಕು."

ಚಿಕ್ಕಮ್ಮ ಜಗಳ ಮಾಡಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಎರಡು ದಿನ ಒಲೆ ಹಚ್ಚಲಿಲ್ಲ. ಜಗಲಿಯಲ್ಲಿ ಕೂತು ಎರಡೂ ಅಂಗೈ ತೆರೆದು ನೋಡಿಕೊಳ್ಳುತ್ತಿದ್ದಳು, ಬೇರೆ ಯಾರದೋ ಕೈ ನೋಡುವ ಹಾಗೆ. ಮೂರನೆಯ ದಿನ ಶುಕ್ರವಾರ. "ಆಯ್ತು ಕಣಕ್ಕ, ಕುಡೀತೀನಿ. ನನ್ನಿಂದ ಊರಿನ ಹಿತ್ತಲು ಯಾಕೆ ಬರಿದಾಗ್ಬೇಕು" ಎಂದಳು ಅಮ್ಮನಿಗೆ.

ನಮ್ಮ ಅಂಗಳದಲ್ಲೇ ಹೆಂಗಸರೆಲ್ಲ ಸೇರಿದರು. ಅಮ್ಮ ಹಾಲು ಕರೆದು ಚೊಂಬನ್ನು ನನ್ನ ಕೈಗೆ ಕೊಟ್ಟಳು. "ನೀನೇ ಕೊಡೋ. ಅವಳು ಎತ್ತಿ ಆಡಿಸಿದ ಮಗು ನೀನು. ನಿನ್ ಕೈಲಾದ್ರೆ ಅವಳಿಗೆ ಅಷ್ಟು ಕಷ್ಟ ಆಗಲ್ಲ."

ಕೊಟ್ಟೆ. ನೊರೆ ಇನ್ನೂ ಆರಿರಲಿಲ್ಲ. ಚಿಕ್ಕಮ್ಮ ಚೊಂಬು ಹಿಡಿದು ನನ್ನ ಮುಖ ನೋಡಿದಳು. ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಕೇಳಿದಳು.

"ಕರು ಇರೋ ಹಸುದಾ?"

"ಹೂಂ ಚಿಕ್ಕಮ್ಮ."

"ಏಮಾರ್ಸಿದ್ದು ಅಲ್ವಲ್ಲ?"

"ಅಲ್ಲ."

ಕಣ್ಣು ಮುಚ್ಚಿ ಕುಡಿದಳು. ಒಂದೇ ಗುಟುಕಿಗಲ್ಲ. ಔಷಧಿ ಕುಡಿಯುವವರ ಹಾಗೆ ನಿಂತು ನಿಂತು, ತಳದ ತನಕ. ಸೆರಗಿನಿಂದ ಬಾಯಿ ಒರೆಸಿಕೊಂಡು ಚೊಂಬನ್ನು ನನಗೇ ವಾಪಸು ಕೊಟ್ಟು ಕೇಳಿದಳು: "ಓದಿದೋನು ನೀನು, ಹೇಳಪ್ಪ. ಇನ್ನು ನನ್ ಕೈ ಸರಿ ಹೋಗ್ತದಾ?"

"ಹೋಗ್ತದೆ ಚಿಕ್ಕಮ್ಮ" ಎಂದೆ.

ಬುರುಡೆಯ ತಳದಲ್ಲಿ ಉಳಿದಿದ್ದ ಎರಡು ಹಿಡಿ ಬೀಜವನ್ನು ಅಂದು ಸಂಜೆಯೇ ತನ್ನ ಚಪ್ಪರದ ಬುಡದಲ್ಲಿ ಊರಿದಳು. ದಿನಾ ಬೆಳಗ್ಗೆ ಎದ್ದು ಮೊದಲು ಅಲ್ಲಿಗೇ ಹೋಗುತ್ತಿದ್ದಳು. ಬೇಲಿಯ ಈ ಕಡೆಯಿಂದ ನಾನೂ ನೋಡುತ್ತಿದ್ದೆ. ಯಾವ ಪವಾಡದಿಂದಲಾದರೂ ಒಂದೇ ಒಂದು ಮೊಳಕೆ ಬರಲಿ ಎಂದು ಅವಳಿಗಿಂತ ಹೆಚ್ಚು ಬೇಡಿಕೊಂಡವನು ನಾನು. ಸೈನ್ಸು ಮೇಷ್ಟರ ಮಾತು ಸುಳ್ಳಾಗಲಿಲ್ಲ.

ಮುಂದಿನ ವರ್ಷ ಊರವರು ಶ್ರೀನಿವಾಸಪುರದ ಸಂತೆಯಿಂದ ಅವರೆ ಬೀಜ ತಂದರು. ಚೆನ್ನಾಗಿಯೇ ಬಂತು. ಆ ಸೊಗಡು ಬರಲಿಲ್ಲ. ವಕ್ಕಲೇರಿಯಲ್ಲಿ ಅವಳ ತೌರಿನವರೂ ಆ ಬೀಜ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅದು ಭೂಮಿಯ ಮೇಲೆ ಇದ್ದದ್ದು ಆ ಬುರುಡೆಯಲ್ಲಿ ಮಾತ್ರ.

ನನಗೆ ಮೇಸ್ತ್ರಿ ಕೆಲಸ ಸಿಗಲಿಲ್ಲ. ಯಾರಿಗೋ ಆಯಿತು. ನಾನು ಮಾಲೂರಿಗೆ ಬಂದು ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾದೆ. ಮೊದಲ ಮಗು ಹುಟ್ಟಿದಾಗ ಬಾಣಂತನಕ್ಕೆ ಅಮ್ಮನ ಜೊತೆ ಚಿಕ್ಕಮ್ಮನೂ ಬಂದಿದ್ದಳು. ತಲೆ ನೆರೆತಿತ್ತು. ಅಡುಗೆ ಮಾಡಿದಳು. ಬಸ್ಸಾರಿಗೆ ಒಂದು ಚಮಚ ತುಪ್ಪ ಹಾಕಿ ಬಡಿಸಿದಳು. ರುಚಿಯಾಗಿಯೇ ಇತ್ತು, ಎಲ್ಲರ ಮನೆಯ ರುಚಿ. ನಾನು ತಲೆಯೆತ್ತದೆ ಉಂಡೆ. ಹಿತ್ತಲಲ್ಲಿ ರತ್ನ ಪಾತಿ ಮಾಡಿ, ಹೀರೆಬೀಜ ಹಿಡಿದುಕೊಂಡು, "ಚಿಕ್ಕತ್ತೆ, ಒಂದು ಬೀಜ ನಿಮ್ ಕೈಲಿ ಊರಿ" ಎಂದು ಕರೆದಳು. ಚಿಕ್ಕಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು, ಏಟು ತಿನ್ನುವ ಮಗು ಕೈ ಬಚ್ಚಿಡುವ ಹಾಗೆ. "ಬೇಡ ಕಣೇ. ಎಳೆ ಮಗು ಇರೋ ಮನೆ. ನನ್ ಕೈ ಒಳ್ಳೇದಲ್ಲ."

ರತ್ನ ಬೀಜ ಹಿಡಿದ ಕೈಯನ್ನು ಹಾಗೇ ಇಳಿಸಿ ನನ್ನನ್ನು ನೋಡಿದಳು. ಅದು ಹಿಂದೊಮ್ಮೆ ನೋಡಿದ್ದ ನೋಟವೇ. ಅವಳಿಗೆ ಗೊತ್ತಿತ್ತೇನೋ. ಆಮೇಲೆ ನಲವತ್ತು ವರ್ಷ ನನ್ನ ಜೊತೆ ಬಾಳಿ ಹೋದಳು, ಒಂದು ದಿನವೂ ಕೇಳಲಿಲ್ಲ. ಅವಳಿರುವ ತನಕ ಮನೆಯಲ್ಲಿ ಅವರೆ ಮಾತ್ರ ಹುರಿಯಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಚಿಕ್ಕಮ್ಮ ತೀರಿಕೊಂಡಳು. ನಾನು ಬಸ್ಸು ಹಿಡಿದು ಊರು ಸೇರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಡುಗೆಮನೆಯ ತೊಲೆಯಲ್ಲಿ ಬುರುಡೆ ಹಾಗೇ ತೂಗುತ್ತಿತ್ತು, ಮಸಿ ಹಿಡಿದು. ಇಳಿಸಿ ನೋಡಲು ನನಗೆ ಕೈ ಬರಲಿಲ್ಲ. ಹಿತ್ತಲಲ್ಲಿ ಚಪ್ಪರದ ಕಂಬ ಎರಡು ಉಳಿದಿದ್ದವು. ಕೊನೆಯ ವರ್ಷಗಳಲ್ಲಿ ಅವಳು ಅಲ್ಲಿ ಏನನ್ನೂ ಊರಲಿಲ್ಲವಂತೆ. ತಾನಾಗಿ ಹುಟ್ಟಿದ ಗಣಿಕೆಸೊಪ್ಪು, ಅಣ್ಣೆಸೊಪ್ಪು ಕಿತ್ತು ಬೇಯಿಸಿಕೊಳ್ಳುತ್ತಿದ್ದಳು ಎಂದು ಅಮ್ಮ ಹೇಳಿದಳು.

ಆ ಊರಲ್ಲಿ ಈಗ ಅವಳನ್ನು ಬಲ್ಲವರಿಲ್ಲ. ಕೊನೆಕೊನೆಗೆ ಅವಳ ಬಗ್ಗೆ ಉಳಿದಿದ್ದ ಮಾತು ಒಂದೇ, ಹಾಲು ಒಲ್ಲೆನೆಂದು ಕೈಗುಣ ಕಳೆದುಕೊಂಡ ಹೆಂಗಸು ಎಂದು. ಆ ಮಾತು ಸುಳ್ಳು. ಅವಳ ಕೈಯಲ್ಲಿ ಏನೂ ಕೆಟ್ಟಿರಲಿಲ್ಲ. ಕೆಟ್ಟದ್ದು ಅವಳಿಗೆ ಹಾಲಿನ ಚೊಂಬು ಕೊಟ್ಟ ಕೈ. ಇದನ್ನು ಅವಳಿಗೆ ಹೇಳಬೇಕಾಗಿತ್ತು. ಹೇಳಲು ಐದು ವರ್ಷ ಇತ್ತು, ನಡುವೆ ಒಂದು ಕಳ್ಳಿ ಬೇಲಿ ಇತ್ತು, ಅಷ್ಟೇ.

ಚಿಕ್ಕಮ್ಮ ಎಂದೇ ಕರೆದೆ, ಚಿಕ್ಕಮ್ಮ ಎಂದೇ ಇಲ್ಲಿಯೂ ಬರೆದೆ. ಊರು ಇಟ್ಟ ಹೆಸರನ್ನು ನಾನು ಕಿತ್ತುಕೊಂಡೆ. ತಂದೆತಾಯಿ ಇಟ್ಟ ಹೆಸರೊಂದು ಅವಳಿಗಿತ್ತು. ಮುನಿವೆಂಕಟಮ್ಮ.